ಅವನು ಅತ್ತರೆ ನಂಬಬೇಡಿ

ರಾತ್ರಿ ಹನ್ನೊಂದರ ಹೊತ್ತಿಗೆ ಫೋನ್ ಬಂತು. ಕ್ಯಾಲಿಫೋರ್ನಿಯಾದಲ್ಲಿರುವ ಗೆಳತಿ, ನನಗಿಂತ ಆರೇಳು ವರ್ಷ ಚಿಕ್ಕವಳು. "ಅಕ್ಕಾ, ನಿಮ್ಮ ಯೂಟಾದಲ್ಲೇ ಒಂದು ಜಾಗ ಇದೆಯಂತೆ. ಒಂದ್ಸಲ ಹೋಗಿ ನೋಡ್ಕೊಂಡು ಬರ್ತೀರಾ?" ಅಂದಳು. ಆಮೇಲೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಮೂಗೆಳೆದುಕೊಂಡ ಸದ್ದು ಮಾತ್ರ ಕೇಳಿಸಿತು.

ಮಗನಿಗೆ 15 ವರ್ಷ. ಶಾಲೆಗೆ ಹೋಗದೆ ಎರಡು ತಿಂಗಳಾಗಿತ್ತು. ಗಾಂಜಾ, ವೇಪಿಂಗ್, ಮಧ್ಯರಾತ್ರಿ ಕಿಟಕಿ ಹಾರಿ ಹೋಗುವುದು. ಒಂದು ದಿನ ಅಪ್ಪನನ್ನು ತಳ್ಳಿ ಬೀಳಿಸಿದ್ದ. ಗಂಡ ಹೆಂಡತಿ ದಿಕ್ಕು ತೋಚದೆ ಒಬ್ಬ ಎಜುಕೇಶನಲ್ ಕನ್ಸಲ್ಟಂಟನ್ನು ಹಿಡಿದಿದ್ದರು. ಆತ ಹುಡುಗನ ಮುಖ ಕೂಡ ನೋಡಲಿಲ್ಲ. ಫೋನಿನಲ್ಲಿ ಒಂದು ಗಂಟೆ ಮಾತಾಡಿ ಮೂರು ಜಾಗಗಳ ಹೆಸರು ಕೊಟ್ಟ. ಮೂರರಲ್ಲಿ ಎರಡು ನಾನಿರುವ ಯೂಟಾ ರಾಜ್ಯದಲ್ಲಿ.

ಊರಲ್ಲಿರುವವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಲ್ಲಿ ಹದಿಹರೆಯದ ಮಕ್ಕಳು ಕೈ ಮೀರಿದರೆ ತಿಂಗಳುಗಟ್ಟಲೆ, ಕೆಲವು ಸಲ ವರ್ಷಗಟ್ಟಲೆ, ಇಟ್ಟುಕೊಂಡು 'ಸರಿ ಮಾಡಿ' ಕಳಿಸುವ ಖಾಸಗಿ ಕೇಂದ್ರಗಳಿವೆ. ಒಂದಕ್ಕೆ ರೆಸಿಡೆನ್ಷಿಯಲ್ ಟ್ರೀಟ್‌ಮೆಂಟ್ ಸೆಂಟರ್ ಅಂತಾರೆ, ಇನ್ನೊಂದಕ್ಕೆ ಥೆರಪ್ಯೂಟಿಕ್ ಬೋರ್ಡಿಂಗ್ ಸ್ಕೂಲ್ ಅಂತಾರೆ. ಕಾಡು, ಮರುಭೂಮಿಯಲ್ಲಿ ನಡೆಸಿದರೆ ವೈಲ್ಡರ್‌ನೆಸ್ ಥೆರಪಿ. ಅಲ್ಲಿದ್ದು ಬಂದವರು ಎಲ್ಲವನ್ನೂ ಸೇರಿಸಿ 'ಟ್ರಬಲ್ಡ್ ಟೀನ್ ಇಂಡಸ್ಟ್ರಿ' ಅಂತ ಕರೆಯುತ್ತಾರೆ. ನಮ್ಮ ಕಡೆ 'ಹಾಸ್ಟೆಲ್‌ಗೆ ಹಾಕಿ, ತಾನೇ ಸರಿ ಹೋಗ್ತಾನೆ' ಅಂತಾರಲ್ಲ, ಅದೇ ಯೋಚನೆ. ಬೀಗ ಜಾಸ್ತಿ, ದುಡ್ಡು ಇನ್ನೂ ಜಾಸ್ತಿ. ಗೆಳತಿಗೆ ಹೇಳಿದ್ದು ತಿಂಗಳಿಗೆ 12,000 ಡಾಲರ್, ಕಡಿಮೆ ಅಂದರೆ ಹತ್ತು ತಿಂಗಳು. ಮನೆ ಮೇಲೆ ಸಾಲ ತೆಗೆಯುವ ಲೆಕ್ಕ ಆಗಲೇ ಹಾಕಿದ್ದರು. ಕನ್ನಡ ಕೂಟದಲ್ಲಿ ಕೇಳಿದವರಿಗೆ 'ಬೋರ್ಡಿಂಗ್ ಸ್ಕೂಲಿಗೆ ಸೇರಿಸಿದೀವಿ' ಅನ್ನುವುದು ಅಂತಲೂ ತೀರ್ಮಾನವಾಗಿತ್ತು.

ನಾನು ಹೋದೆ. ಸಾಲ್ಟ್ ಲೇಕ್ ಸಿಟಿಯಿಂದ ದಕ್ಷಿಣಕ್ಕೆ ಒಂದೂವರೆ ಗಂಟೆ ದಾರಿ. ಹಿಂದೆ ಹಿಮ ಹೊದ್ದ ಬೆಟ್ಟ, ಮುಂದೆ ಬಿಳಿ ಬೇಲಿ, ಬೇಲಿಯೊಳಗೆ ಎರಡು ಕುದುರೆ. ವೆಬ್‌ಸೈಟಿನಲ್ಲಿ ನೋಡಿದ ಕುದುರೆಗಳೇ. ಅಡ್ಮಿಶನ್ ನೋಡಿಕೊಳ್ಳುವ ಹೆಂಗಸು ಬಾಯ್ತುಂಬ ನಗುತ್ತಾ ಕಾಫಿ ಕೊಟ್ಟು, ಕಟ್ಟಡವೆಲ್ಲ ತೋರಿಸಿದಳು. ನೆಲ ಕನ್ನಡಿ ಹಾಗೆ ಹೊಳೆಯುತ್ತಿತ್ತು. ಎಂಟು ಹುಡುಗರು ಒಬ್ಬರ ಹಿಂದೆ ಒಬ್ಬರು ಸಾಲಾಗಿ ಬಂದರು. ಯಾರ ಕಾಲಲ್ಲೂ ಶೂ ಇಲ್ಲ, ಬರೀ ರಬ್ಬರ್ ಚಪ್ಪಲಿ. ಶೂಗಳೆಲ್ಲ ಗೋಡೆಯ ಕಪಾಟಿನಲ್ಲಿ, ನಂಬರ್ ಹಚ್ಚಿ, ಬೀಗ ಹಾಕಿ. "ಮೊದಲ ಲೆವೆಲ್‌ನ ಹುಡುಗರು, ಓಡಿಹೋಗಬಾರದಲ್ಲ" ಅಂದಳು. ಹೊರಗೆ ಮೊಣಕಾಲುದ್ದ ಹಿಮ. ಒಬ್ಬ ಹುಡುಗ ನನ್ನನ್ನು ನೋಡಿದ. ತಕ್ಷಣ ಪಕ್ಕದಲ್ಲಿದ್ದ ಸಿಬ್ಬಂದಿಯನ್ನು ನೋಡಿ, ಆಮೇಲೆ ನೆಲ ನೋಡಿದ.

ಹದಿನೈದರ ಹುಡುಗರು ಎಂಟು ಮಂದಿ ಒಟ್ಟಿಗೆ ನಡೆದರೆ ಎಷ್ಟು ಗಲಾಟೆ ಇರಬೇಕು ಹೇಳಿ. ಅಲ್ಲಿ ಚಪ್ಪಲಿ ಸದ್ದು ಮಾತ್ರ.

ಬಹಳ ಕಡೆ ಈ ಲೆವೆಲ್ ಪದ್ಧತಿ ಇದೆ. ಒಳಗೆ ಹೋದಾಗ ಒಂದನೇ ಲೆವೆಲ್. ಟಾಯ್ಲೆಟ್‌ಗೆ ಹೋಗಲೂ ಕೇಳಬೇಕು. ಹೇಳಿದಂತೆ ಕೇಳಿದರೆ ಪಾಯಿಂಟ್, ಪಾಯಿಂಟ್ ಸೇರಿದರೆ ಮೇಲಿನ ಲೆವೆಲ್. ಒಂದು ತಪ್ಪಿಗೆ ಮತ್ತೆ ಕೆಳಕ್ಕೆ. ಹಾವು ಏಣಿ ಆಟದ ಹಾಗೆ, ಆದರೆ ದಾಳ ಸಿಬ್ಬಂದಿ ಕೈಯಲ್ಲಿ.

ಬರುವಾಗ ಅಪ್ಪ ಅಮ್ಮಂದಿರಿಗೆ ಕೊಡುವ ಕೈಪಿಡಿಯನ್ನು ಕೊಟ್ಟಳು. ಕಾರಲ್ಲೇ ಕೂತು ಓದಿದೆ. ಒಂದು ಪುಟದಲ್ಲಿ ದಪ್ಪ ಅಕ್ಷರದಲ್ಲಿ ಹೀಗಿತ್ತು, ನನ್ನ ಮಾತಲ್ಲಿ ಹೇಳುತ್ತೇನೆ: ಮೊದಲ ವಾರಗಳಲ್ಲಿ ನಿಮ್ಮ ಮಗು ಅಳಬಹುದು. ಮನೆಗೆ ಕರೆದುಕೊಂಡು ಹೋಗಿ ಅಂತ ಬೇಡಿಕೊಳ್ಳಬಹುದು. ಇಲ್ಲಿ ಹೊಡೆಯುತ್ತಾರೆ, ಸರಿಯಾಗಿ ಊಟ ಕೊಡುವುದಿಲ್ಲ ಅನ್ನಬಹುದು. ಇದು ನಿಮ್ಮನ್ನು ಮಣಿಸುವ ತಂತ್ರ. ನಂಬಬೇಡಿ. ಕೂಡಲೇ ನಮಗೆ ತಿಳಿಸಿ.

ಎರಡು ಸಲ ಓದಿದೆ. ಮಕ್ಕಳು ಸುಳ್ಳು ಹೇಳುವುದಿಲ್ಲ ಅಂತ ನಾನೇನೂ ಅನ್ನುವುದಿಲ್ಲ. ನಾನೂ ಒಬ್ಬ ಹದಿಹರೆಯದವಳನ್ನು ಸಾಕಿದವಳೇ. ಆದರೆ ನಿಜವಾಗಲೂ ಯಾರೋ ಹೊಡೆದರೆ ಆ ಮಗು ಬೇರೆ ಯಾವ ಮಾತಲ್ಲಿ ಹೇಳಬೇಕು? ಇರುವ ಮಾತನ್ನೆಲ್ಲ ಮೊದಲೇ ಸುಳ್ಳಿನ ಪಟ್ಟಿಗೆ ಸೇರಿಸಿಯಾಗಿದೆ. 'ಕೂಡಲೇ ನಮಗೆ ತಿಳಿಸಿ' ಅನ್ನುವುದು ಇನ್ನೂ ಭಯದ ಮಾತು. ಯಾರ ಮೇಲೆ ದೂರೋ ಅವರ ಕೈಗೇ ದೂರು.

ಈ ಯೋಚನೆಯ ಬೇರು ಹುಡುಕುತ್ತಾ ಹೋದರೆ 1958ಕ್ಕೆ ಮುಟ್ಟುತ್ತದೆ. ಆ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಚಾರ್ಲ್ಸ್ ಡೆಡೆರಿಕ್ ಅನ್ನುವವನು ಸಿನನಾನ್ ಅಂತ ಒಂದು ಸಂಸ್ಥೆ ಶುರು ಮಾಡಿದ, ಮಾದಕ ವ್ಯಸನ ಬಿಡಿಸಲಿಕ್ಕೆ. ಅಲ್ಲಿ 'ಗೇಮ್' ಅಂತ ಒಂದು ಪದ್ಧತಿ. ಎಲ್ಲರೂ ಸುತ್ತ ಕೂತು ಒಬ್ಬೊಬ್ಬರ ಮೇಲೆ ಹರಿಹಾಯುವುದು, ಕೂಗಾಡುವುದು, ಹೀಯಾಳಿಸುವುದು. ಹೋದವರು ದೊಡ್ಡವರು, ಹೆಚ್ಚಿನವರು ತಾವಾಗಿ ಹೋದವರು. ಸಿನನಾನ್ ಕೊನೆಗೆ ನಾಯಕ ಹೇಳಿದ್ದೇ ವೇದ ಅನ್ನುವ ಕಲ್ಟ್ ಆಗಿ ಕೆಟ್ಟು ಮುಚ್ಚಿಹೋಯಿತು. ಆದರೆ ಅದರ ಉಪಾಯಗಳನ್ನು ಬೇರೆಯವರು ಮಕ್ಕಳ ಮೇಲೆ ತಂದರು. ಫ್ಲಾರಿಡಾದಲ್ಲಿ 1970ರಲ್ಲಿ ಶುರುವಾದ 'ದ ಸೀಡ್' ಅನ್ನುವ ಕೇಂದ್ರಕ್ಕೆ ಸರ್ಕಾರದ ಹಣವೂ ಸಿಕ್ಕಿತ್ತು. 1974ರಲ್ಲಿ ಸೆನೆಟ್ ಉಪಸಮಿತಿಯ ವರದಿ ಅದರ ವಿಧಾನವನ್ನು ಉತ್ತರ ಕೊರಿಯಾದವರು ಯುದ್ಧ ಕೈದಿಗಳ ಮೇಲೆ ಮಾಡಿದ ಬ್ರೇನ್‌ವಾಶ್‌ಗೆ ಹೋಲಿಸಿತು. ಎರಡೇ ವರ್ಷದಲ್ಲಿ ಅದೇ ಮಾದರಿಯ 'ಸ್ಟ್ರೇಟ್' ಅದೇ ರಾಜ್ಯದಲ್ಲಿ ಬಾಗಿಲು ತೆರೆಯಿತು. ಅದು ಮುಚ್ಚಿದ್ದು 1993ರಲ್ಲಿ. ಬೋರ್ಡ್ ಬದಲಾಗುತ್ತದೆ, ಹೆಸರು ಮೃದುವಾಗುತ್ತದೆ. ಮೊದಲು ಮುರಿಯಬೇಕು, ಆಮೇಲೆ ಕಟ್ಟಬೇಕು ಅನ್ನುವ ನಂಬಿಕೆ ಮಾತ್ರ ಹಾಗೇ ಉಳಿಯುತ್ತದೆ.

ಮಗು ಹೇಳಿದ್ದನ್ನು ನಂಬದೇ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ದಾಖಲೆ ಇದೆ. 2007ರ ಅಕ್ಟೋಬರಿನಲ್ಲಿ ಅಮೆರಿಕ ಸಂಸತ್ತಿನ ತನಿಖಾ ಸಂಸ್ಥೆ ಜಿಎಒ ಇಂಥ ಕೇಂದ್ರಗಳಲ್ಲಿ 1990ರಿಂದ 2004ರವರೆಗೆ ಆದ ಹತ್ತು ಸಾವುಗಳನ್ನು ಬಿಡಿಸಿ ನೋಡಿತು. ಮಗು ನರಳುತ್ತಿದ್ದರೂ 'ನಾಟಕ' ಅಂತ ಸಿಬ್ಬಂದಿ ಸುಮ್ಮನಿದ್ದದ್ದು ಅದರಲ್ಲಿ ಮತ್ತೆ ಮತ್ತೆ ಬರುತ್ತದೆ. ನಮ್ಮ ಯೂಟಾದ ಮರುಭೂಮಿಯಲ್ಲೇ 1994ರಲ್ಲಿ 16ರ ಹುಡುಗನೊಬ್ಬ ದಿನಗಟ್ಟಲೆ ಹೊಟ್ಟೆನೋವು ಅಂದ. ಹುಣ್ಣು ಒಡೆದು ಹೊಟ್ಟೆಯೊಳಗೆಲ್ಲ ಸೋಂಕು ಹರಡಿತ್ತು. ವೇಷ ಹಾಕ್ತಿದಾನೆ ಅಂದುಕೊಂಡರು. ಸತ್ತ.

ನಾನು ಕೆಲಸ ಮಾಡುವ ಶಾಲೆಯ ಲೈಬ್ರರಿಯಲ್ಲಿ ನನ್ನ ಜೊತೆಗೊಬ್ಬಳಿದ್ದಾಳೆ, ನಲವತ್ತು ದಾಟಿದವಳು. ಊಟದ ಹೊತ್ತಲ್ಲಿ ಸುಮ್ನೆ ಈ ವಿಷಯ ಎತ್ತಿದೆ. ಅವಳು ಸ್ಯಾಂಡ್‌ವಿಚ್ ಕೆಳಗಿಟ್ಟಳು. 15ನೇ ವಯಸ್ಸಲ್ಲಿ ಅವಳನ್ನು ಬೆಳಗಿನ ಜಾವ ನಾಲ್ಕಕ್ಕೆ ಹಾಸಿಗೆಯಿಂದ ಎಬ್ಬಿಸಿ ಕರೆದುಕೊಂಡು ಹೋಗಿದ್ದರಂತೆ. ಕೋಣೆಯ ದೀಪ ಹಾಕಿದ ಇಬ್ಬರು ದಾಂಡಿಗರು, ಗುರುತಿಲ್ಲದವರು. ಬಾಗಿಲಲ್ಲಿ ಅಪ್ಪ ಅಮ್ಮ ನಿಂತಿದ್ದರು. "ಐ ಲವ್ ಯೂ" ಅಂದು ಒಳಗೆ ಹೋದರು. ಇದಕ್ಕೆಂದೇ ಕಂಪನಿಗಳಿವೆ, 'ಟ್ರಾನ್ಸ್‌ಪೋರ್ಟ್' ಅಂತಾರೆ. ಮಕ್ಕಳ ಭಾಷೆಯಲ್ಲಿ 'ಗೂನ್ಸ್', ಅಂದರೆ ಗೂಂಡಾಗಳು. ಹದಿನೆಂಟು ತುಂಬದ ಮಗು, ಅಪ್ಪ ಅಮ್ಮನ ಸಹಿ ಇದೆ, ಪೊಲೀಸರೂ ಕೇಳುವುದಿಲ್ಲ.

"ಅಲ್ಲಿ ಹೊಡೆದರಾ?" ಅಂದೆ. "ಇಲ್ಲ" ಅಂದಳು. ಆಮೇಲೆ ಅವಳು ಹೇಳಿದ್ದನ್ನು ನಾನು ಮರೆತಿಲ್ಲ. ಮೇಲಿನ ಲೆವೆಲ್‌ಗೆ ಹೋಗಬೇಕಾದರೆ ಗುಂಪಿನ ಮುಂದೆ ತಪ್ಪು ಒಪ್ಪಿಕೊಳ್ಳಬೇಕು. ಅವಳು ಮಾಡಿದ್ದು ಬಿಯರ್ ಕುಡಿದದ್ದು, ಕ್ಲಾಸ್ ತಪ್ಪಿಸಿದ್ದು. ಅಷ್ಟು ಸಾಲದು ಅಂದರು. ಮಾಡದೇ ಇದ್ದದ್ದನ್ನೆಲ್ಲ ಹೇಳಿದಳು. ಚಪ್ಪಾಳೆ ತಟ್ಟಿದರು. ಅಪ್ಪ ಅಮ್ಮನಿಗೆ ಅದು ವರದಿಯಾಗಿ ಹೋಯಿತು. ಅವರು ಇವತ್ತಿಗೂ ಅದನ್ನೇ ನಿಜ ಅಂದುಕೊಂಡಿದ್ದಾರೆ. ಸುಳ್ಳು ಬಿಡಿಸಲಿಕ್ಕೆ ಕಳಿಸಿದ ಜಾಗ ಅದು, ನೋಡಿ.

ಹಾಗಂತ ಯಾರಿಗೂ ಉಪಯೋಗವಾಗಿಲ್ಲ ಅಂದರೆ ತಪ್ಪಾಗುತ್ತದೆ. ನಮ್ಮ ಬೀದಿಯ ಕೊನೆ ಮನೆಯ ಹುಡುಗಿಗೆ ಊಟ ಬಿಟ್ಟು ಬಿಟ್ಟು ನಾಡಿಯೇ ಕುಸಿದಿತ್ತು. ಅವಳನ್ನು ಒಂದು ರೆಸಿಡೆನ್ಷಿಯಲ್ ಕೇಂದ್ರದಲ್ಲಿ ಏಳು ವಾರ ಇಟ್ಟರು. "ಇಲ್ಲದಿದ್ದರೆ ಉಳೀತಿರಲಿಲ್ಲ" ಅಂತ ಅವಳಮ್ಮ ಹೇಳಿದರೆ ನಾನು ಒಪ್ಪುತ್ತೇನೆ. ಆದರೆ ಅಲ್ಲಿ ದಿನಾ ಡಾಕ್ಟರ್ ಇದ್ದರು. ಅಮ್ಮ ಯಾವಾಗ ಬೇಕಾದರೂ ಹೋಗಬಹುದಿತ್ತು. ವಾರಕ್ಕೊಮ್ಮೆ ಮನೆಯವರೆಲ್ಲ ಕೂತು ಥೆರಪಿ. ಮುಖ್ಯವಾಗಿ, ಬಂದ ದಿನದಿಂದಲೇ ಮನೆಗೆ ವಾಪಸ್ ಕಳಿಸುವ ಮಾತು. ಜೀವಕ್ಕೇ ಅಪಾಯ ಅನ್ನುವ ಹೊತ್ತಿಗೆ ಇಂಥ ಜಾಗ ಬೇಕು. ಕಿಟಕಿ ಹಾರುವ ಹುಡುಗನನ್ನು ಹತ್ತು ತಿಂಗಳು ಎಂಟುನೂರು ಮೈಲಿ ಆಚೆ ಇಡುವುದು ಬೇರೆಯೇ ಸಂಗತಿ.

ಕೈಪಿಡಿಯಲ್ಲಿ ಬಣ್ಣದ ಗ್ರಾಫ್‌ಗಳೂ ಇದ್ದವು. ಬಂದಾಗ ಹೇಗಿದ್ದ, ಹೋಗುವಾಗ ಹೇಗಿದ್ದ. ಲೆವೆಲ್ ಏರಬೇಕಾದ ಹುಡುಗನ ಕೈಗೇ ಫಾರಂ ಕೊಟ್ಟು ಟಿಕ್ ಹಾಕಿಸಿದ್ದು. ಅಂಥದೇ ಮಕ್ಕಳನ್ನು ಮನೆಯಲ್ಲೇ ಇಟ್ಟುಕೊಂಡು ನೋಡಿದ್ದರೆ ಏನಾಗುತ್ತಿತ್ತು ಅನ್ನುವ ಹೋಲಿಕೆಯೇ ಇಲ್ಲ. ಹೋಲಿಕೆ ಇದ್ದ ಒಂದು ಹಳೇ ಪ್ರಯೋಗ ನನಗೆ ಬಹಳ ಕಾಡಿತು. 1939ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಶುರುವಾಗಿದ್ದು. ಸುಮಾರು 500 ಹುಡುಗರು. ಅರ್ಧ ಮಂದಿಗೆ ವರ್ಷಗಟ್ಟಲೆ ಸಲಹೆ, ಪಾಠ, ಬೇಸಿಗೆ ಶಿಬಿರ, ಎಲ್ಲ ಪ್ರೀತಿಯಿಂದಲೇ. ಇನ್ನರ್ಧಕ್ಕೆ ಏನೂ ಇಲ್ಲ. ಮೂವತ್ತು ವರ್ಷ ಆದಮೇಲೆ ಜೋನ್ ಮೆಕಾರ್ಡ್ ಅನ್ನುವ ಸಂಶೋಧಕಿ ಅವರನ್ನೆಲ್ಲ ಹುಡುಕಿ ನೋಡಿದರು. ಸಹಾಯ ಪಡೆದವರದೇ ಸ್ಥಿತಿ ಹಿಂದೆ ಬಿದ್ದಿತ್ತು. ಆಮೇಲಿನ ಲೆಕ್ಕದಲ್ಲಿ, ಒಂದಕ್ಕಿಂತ ಹೆಚ್ಚು ಸಲ ಬೇಸಿಗೆ ಶಿಬಿರಕ್ಕೆ ಹೋದವರು ಎಲ್ಲರಿಗಿಂತ ಕೆಟ್ಟಿದ್ದರು. 1999ರಲ್ಲಿ ಮೆಕಾರ್ಡ್ ಮತ್ತು ಜೊತೆಯವರು ಇದಕ್ಕೆ ಕಾರಣ ಬರೆದರು: ತೊಂದರೆ ಇರುವ ಮಕ್ಕಳನ್ನು ಒಂದೇ ಕಡೆ ಗುಡ್ಡೆ ಹಾಕಿದರೆ ಒಬ್ಬರಿಂದ ಒಬ್ಬರು ಕಲಿಯುತ್ತಾರೆ. ನಮ್ಮಜ್ಜಿಗೆ ಇದು ಪ್ರಯೋಗ ಮಾಡದೆಯೂ ಗೊತ್ತಿತ್ತು ಅನ್ನಿ. 2004ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆಸಿದ ತಜ್ಞರ ಸಮಿತಿಯೂ ಸೈನ್ಯದ ಶಿಸ್ತಿನಲ್ಲಿ ಹೆದರಿಸಿ ದಾರಿಗೆ ತರುವ ಬೂಟ್ ಕ್ಯಾಂಪ್ ಥರದವು ಕೆಲಸ ಮಾಡುವುದಿಲ್ಲ, ಕೆಡಿಸಲೂಬಹುದು ಅಂತಲೇ ಹೇಳಿತು.

ಕೆಲಸ ಮಾಡುತ್ತದೆ ಅಂತ ಸಾಬೀತಾದ ಕ್ರಮಗಳಲ್ಲಿ ಒಂದು ಹುಟ್ಟಿದ್ದು ಎಲ್ಲಿ ಗೊತ್ತಾ? ಇದೇ ಸಾಲ್ಟ್ ಲೇಕ್ ಸಿಟಿಯಲ್ಲಿ, ಯೂಟಾ ವಿಶ್ವವಿದ್ಯಾಲಯದಲ್ಲಿ, 1970ರ ದಶಕದಲ್ಲಿ. ಫಂಕ್ಷನಲ್ ಫ್ಯಾಮಿಲಿ ಥೆರಪಿ ಅಂತ ಹೆಸರು. ಮಗುವನ್ನು ಎಲ್ಲಿಗೂ ಕಳಿಸುವುದಿಲ್ಲ. ಅಪ್ಪ, ಅಮ್ಮ, ಮಗು ಒಟ್ಟಿಗೆ ಕೂರಬೇಕು, ಸುಮಾರು 12ರಿಂದ 14 ಭೇಟಿ. ಕುದುರೆ ಇಲ್ಲ, ಬೆಟ್ಟ ಇಲ್ಲ, ಅಪ್ಪನೂ ಬೈಸಿಕೊಳ್ಳಬೇಕು. ಅದಕ್ಕೇ ಇರಬೇಕು, ಅಷ್ಟು ಚೆನ್ನಾಗಿ ಮಾರಾಟವಾಗುವುದಿಲ್ಲ.

ಕಾನೂನು ಸ್ವಲ್ಪ ಬದಲಾಗಿದೆ, ಅದನ್ನೂ ಹೇಳಬೇಕು. ಹಿಲ್ಟನ್ ಹೋಟೆಲ್ ಮನೆತನದ ಟಿವಿ ತಾರೆ ಪ್ಯಾರಿಸ್ ಹಿಲ್ಟನ್ ಹದಿಹರೆಯದಲ್ಲಿ ಯೂಟಾದ ಒಂದು ಕೇಂದ್ರದಲ್ಲಿ 11 ತಿಂಗಳು ಇದ್ದವಳು. 2021ರಲ್ಲಿ ಇಲ್ಲಿನ ಶಾಸನಸಭೆಗೆ ಬಂದು ಸಾಕ್ಷಿ ಹೇಳಿದಳು. ಅದೇ ಮಾರ್ಚ್‌ನಲ್ಲಿ ಹೊಸ ಕಾಯ್ದೆ ಬಂತು. ವರ್ಷಕ್ಕೆ ನಾಲ್ಕು ತಪಾಸಣೆ, ಮಕ್ಕಳನ್ನು ಅದುಮಿ ಹಿಡಿಯುವುದಕ್ಕೆ ಮಿತಿ, ಮತ್ತೆ ವಾರಕ್ಕೊಮ್ಮೆ ಮನೆಯವರ ಜೊತೆ ಗುಟ್ಟಾಗಿ ಮಾತಾಡುವ ಹಕ್ಕು. 2024ರ ಡಿಸೆಂಬರಿನಲ್ಲಿ ಇಡೀ ದೇಶಕ್ಕೆ ಒಂದು ಕಾಯ್ದೆ ಆಯಿತು. ಅದು ಮುಖ್ಯವಾಗಿ ಅಧ್ಯಯನ ಮಾಡಿ ಅನ್ನುತ್ತದೆ, ಅಷ್ಟೇ.

ವಾರಕ್ಕೊಮ್ಮೆ ಕೊಡಬೇಕಾದ ಆ ಫೋನಿನ ಬಗ್ಗೆ ನಾನು ಅಡ್ಮಿಶನ್ ಹೆಂಗಸನ್ನು ಕೇಳಿದ್ದೆ. "ಖಂಡಿತ ಕೊಡ್ತೀವಿ, ಯಾರೂ ಕೇಳಿಸಿಕೊಳ್ಳೋದಿಲ್ಲ" ಅಂದಳು. ಒಂದು ಕ್ಷಣ ಬಿಟ್ಟು, "ಆದರೆ ಅವನು ಹೇಳೋದನ್ನ ಹೇಗೆ ತಗೋಬೇಕು ಅಂತ ಮೊದಲೇ ನಿಮಗೆ ತರಬೇತಿ ಕೊಟ್ಟಿರ್ತೀವಿ" ಅಂತ ಸೇರಿಸಿದಳು. ಹುಡುಗನ ಬಾಯಿ ಕಟ್ಟುವಂತಿಲ್ಲ, ಸರಿ. ಅಮ್ಮನ ಕಿವಿ ಮುಚ್ಚಿಸಬಹುದಲ್ಲ.

ಮನೆಗೆ ಬಂದು ಆ ಪುಟದ ಫೋಟೋ ತೆಗೆದು ಗೆಳತಿಗೆ ಕಳಿಸಿದೆ. ಜೊತೆಗೆ ಏನೂ ಬರೆಯಲಿಲ್ಲ. ಹತ್ತು ನಿಮಿಷಕ್ಕೆ ಫೋನ್ ಬಂತು, ಈ ಸಲ ಅವಳ ಗಂಡ. "ಅಕ್ಕಾ, ಮನೇಲಿ ಇಟ್ಕೊಂಡು ಏನಾದ್ರೂ ಆದ್ರೆ?" ಅಂದ. ಅವನ ಭಯ ಸುಳ್ಳಲ್ಲ. ನನ್ನ ಹತ್ತಿರ ಉತ್ತರವೂ ಇರಲಿಲ್ಲ. "ಅಲ್ಲಿ ಏನಾದ್ರೂ ಆದ್ರೆ ನಿಮಗೆ ಹೇಗೆ ಗೊತ್ತಾಗುತ್ತೆ?" ಅಂತ ಮಾತ್ರ ಕೇಳಿದೆ.

ಕಳಿಸಲಿಲ್ಲ. ಎಲ್ಲ ಸರಿಹೋಯಿತು ಅಂತಲೂ ಅಲ್ಲ. ಅವಳು ನಾಲ್ಕು ತಿಂಗಳು ರಜೆ ಹಾಕಿದಳು. ಅವರ ಊರಲ್ಲೇ ಒಬ್ಬ ಫ್ಯಾಮಿಲಿ ಥೆರಪಿಸ್ಟ್ ಸಿಕ್ಕಳು. ಮೊದಲ ಮೂರು ಭೇಟಿಯಲ್ಲಿ ಹುಡುಗ ಬಾಯಿ ಬಿಡಲಿಲ್ಲ, ನಾಲ್ಕನೆಯದರಲ್ಲಿ ಅಪ್ಪ ಎದ್ದು ಹೊರಗೆ ಹೋದ. ಒಂದು ರಾತ್ರಿ ಆಸ್ಪತ್ರೆಯ ಎಮರ್ಜೆನ್ಸಿಯನ್ನೂ ನೋಡಿ ಬಂದರು. ಈಗ ಹುಡುಗ ಬೇರೆ ಸಣ್ಣ ಶಾಲೆಗೆ ಹೋಗುತ್ತಿದ್ದಾನೆ, ವಾರಕ್ಕೆ ನಾಲ್ಕು ದಿನ. ಐದನೇ ದಿನ ಯಾಕೆ ಹೋಗಲ್ಲ ಅಂತ ಕೇಳಬಾರದಂತೆ. ಗಾಂಜಾ ಪೂರ್ತಿ ಬಿಟ್ಟಿದ್ದಾನಾ ಅಂದರೆ ಗೆಳತಿ ಮಾತು ತಿರುಗಿಸುತ್ತಾಳೆ.

ಆ ಕೇಂದ್ರದವರು ನನ್ನ ವಿಳಾಸ ಬರೆದುಕೊಂಡಿದ್ದರಲ್ಲ, ಈಗಲೂ ಈಮೇಲ್ ಬರುತ್ತಿರುತ್ತದೆ. ಮೊನ್ನೆ ಬಂದದ್ದರಲ್ಲಿ ಅವೇ ಎರಡು ಕುದುರೆ. ಈ ತಿಂಗಳು ಎರಡು ಬೆಡ್ ಖಾಲಿ ಇವೆಯಂತೆ, ಶುಕ್ರವಾರದೊಳಗೆ ಸೇರಿಸಿದರೆ ಪ್ರವೇಶ ಶುಲ್ಕ ಇಲ್ಲವಂತೆ.