ಮಕ್ಕಳಿಗೆ ಬೇಜಾರಾಗದ ಹಾಗೆ ದೇವರ ಬಗ್ಗೆ ಕಲಿಸೋದು ಹೇಗೆ?

ಮಂಗಳೂರಿನ ನಮ್ಮ ಚರ್ಚಿನಲ್ಲಿ ಭಾನುವಾರದ ಪೂಜೆ ಮುಗಿದ ಮೇಲೆ ಮಕ್ಕಳಿಗೆ ದೊತೊರ್ನ್, ಅಂದರೆ ಕ್ರೈಸ್ತ ಶಿಕ್ಷಣದ ತರಗತಿ ಇರುತ್ತದೆ. ನಾನು ಅಲ್ಲಿ ಕಲಿಸುತ್ತೇನೆ. ಹಾಗಾಗಿ ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಮೀನು ಮಾರ್ಕೆಟ್ಟಿನಲ್ಲಿ ಸಿಕ್ಕ ತಾಯಂದಿರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. "ಟೀಚರ್, ಪ್ರಾರ್ಥನೆಗೆ ಕೂತರೆ ಮಗ ಒದ್ದಾಡ್ತಾನೆ. ಬೈಬಲ್ ತೆಗೆದರೆ ಆಕಳಿಸ್ತಾನೆ. ಅವನಿಗೆ ಬೇಜಾರಾಗದ ಹಾಗೆ ದೇವರ ಬಗ್ಗೆ ಹೇಳಿಕೊಡೋದು ಹೇಗೆ? ಏನಾದರೂ ಆಟ, ಆಕ್ಟಿವಿಟಿ ಇದ್ದರೆ ಹೇಳಿ."

ನನ್ನ ಉತ್ತರ ಇಷ್ಟೇ. ಹೊಸ ಆಟ ಹುಡುಕಬೇಡಿ, ಮಗುವಿಗೆ ಒಂದು ಕೆಲಸ ಕೊಡಿ. ನಿಜವಾದ ಕೆಲಸ. ಅದು ಮಾಡದಿದ್ದರೆ ಮನೆಯ ಹಬ್ಬ ನಿಲ್ಲಬೇಕು, ಅಂಥದ್ದು. ಕೈ ಕೆಲಸದಲ್ಲಿ ಇರುವಾಗ ಮಕ್ಕಳೇ ಪ್ರಶ್ನೆ ಕೇಳುತ್ತಾರೆ. ಪಾಠ ಶುರುವಾಗಬೇಕಾದ್ದು ಆಗ. ಧರ್ಮೋಪದೇಶಕಾಂಡದ 6ನೇ ಅಧ್ಯಾಯದಲ್ಲೂ ಹೀಗೇ ಇದೆ. ದೇವರ ಮಾತುಗಳನ್ನು ಮಕ್ಕಳಿಗೆ ಯಾವಾಗ ಹೇಳಬೇಕು? ಮನೆಯಲ್ಲಿ ಕೂತಿರುವಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ. ಅಂದರೆ ದಿನವಿಡೀ, ಬೇರೆ ಕೆಲಸದ ಮಧ್ಯೆಯೇ.

ನಮ್ಮ ಕಡೆಯ ಕ್ರೈಸ್ತರಿಗೆ ಇದು ಕಷ್ಟವೇ ಅಲ್ಲ. ವರ್ಷದ ಉದ್ದಕ್ಕೂ ನಮ್ಮ ಹಬ್ಬಗಳಲ್ಲಿ ಮಕ್ಕಳ ಪಾಲಿನ ಕೆಲಸ ಇದ್ದೇ ಇದೆ. ಆದರೆ ಈಗ ಹೂವು ಅಂಗಡಿಯಿಂದ, ಕುಸ್ವಾರ್ ಅಂದರೆ ಕ್ರಿಸ್ಮಸ್ ತಿಂಡಿಗಳು ಬೇಕರಿಯಿಂದ, ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿಯೂ ರೆಡಿಮೇಡ್. ಮಕ್ಕಳಿಗೆ ಉಳಿದಿರುವುದು ಹೊಸ ಬಟ್ಟೆ ಹಾಕಿಕೊಂಡು ಫೋಟೋಗೆ ನಿಲ್ಲುವುದು ಮಾತ್ರ. ಆಮೇಲೆ ಅವರಿಗೆ ಬೇಜಾರಾದರೆ ತಪ್ಪು ಅವರದ್ದಾ?

ಮೊಂತಿ ಫೆಸ್ತನ್ನೇ ತೆಗೆದುಕೊಳ್ಳಿ. ಸೆಪ್ಟೆಂಬರ್ 8, ಕನ್ಯಾ ಮರಿಯಮ್ಮನ ಹುಟ್ಟುಹಬ್ಬ, ನಮಗೆ ತೆನೆ ಹಬ್ಬ ಕೂಡ. ಅದಕ್ಕೆ ಮೊದಲು ಆಗಸ್ಟ್ 30ರಿಂದ ಒಂಬತ್ತು ದಿನ ನೊವೆನಾ ಪ್ರಾರ್ಥನೆ. ಆ ದಿನಗಳಲ್ಲಿ ಮಕ್ಕಳು ಬುಟ್ಟಿಯಲ್ಲಿ ಹೂವು ತಂದು ಬಾಲ ಮರಿಯಮ್ಮನಿಗೆ ಹಾಕುತ್ತಾರೆ. ಈ ಹೂವನ್ನು ದಯವಿಟ್ಟು ದುಡ್ಡು ಕೊಟ್ಟು ತರಬೇಡಿ. ಮಗು ಹೋಗಿ ಕೊಯ್ದು ತರಲಿ. ಫ್ಲ್ಯಾಟಿನಲ್ಲಿದ್ದೇವೆ, ಗಿಡ ಎಲ್ಲಿದೆ ಅನ್ನುತ್ತೀರಾ? ಪಕ್ಕದ ಮನೆಯವರ ದಾಸವಾಳ ಇದೆ, ಕೆಳಗಿನ ಓಣಿಯ ಅಜ್ಜಿಯ ಅಂಗಳದಲ್ಲಿ ಗೊಂಡೆ ಇದೆ. "ಆಂಟಿ, ಮಾತೆಗೆ ಹೂವು ಬೇಕಿತ್ತು, ಕೊಯ್ಯಲಾ?" ಅಂತ ಮಗುವೇ ಬಾಯಿಬಿಟ್ಟು ಕೇಳಬೇಕು. ಹೀಗೆ ಕೇಳಿದ ಮಗುವಿಗೆ ಬೇಡ ಅಂದವರನ್ನು ನಾನು ಈವರೆಗೆ ನೋಡಿಲ್ಲ. ಆ ಮನೆಗಳಲ್ಲಿ ಹೆಚ್ಚಿನವು ಹಿಂದೂಗಳದ್ದು. ಬೆಳಿಗ್ಗೆ ತಮ್ಮ ದೇವರಿಗೆ ಇಟ್ಟು ಮಿಕ್ಕಿದ್ದನ್ನು ನಮ್ಮ ಮಕ್ಕಳ ಬುಟ್ಟಿಗೆ ಹಾಕುತ್ತಾರೆ. ನೆರೆಯವರನ್ನು ಪ್ರೀತಿಸು ಅನ್ನುವ ಆಜ್ಞೆಯನ್ನು ವಿವರಿಸಲು ಇದಕ್ಕಿಂತ ಒಳ್ಳೆಯ ಸಮಯ ನನಗೆ ಗೊತ್ತಿಲ್ಲ.

ಹಬ್ಬದ ದಿನ ಚರ್ಚಿನಲ್ಲಿ ಹೊಸ ಭತ್ತದ ತೆನೆಗೆ ಆಶೀರ್ವಾದ ಮಾಡಿ ಮನೆಮನೆಗೆ ಕೊಡುತ್ತಾರೆ. ಹೂವು ತಂದ ಮಕ್ಕಳಿಗೆ ಕಬ್ಬು ಸಿಗುತ್ತದೆ. ಮನೆಗೆ ಬಂದ ಮೇಲೆ ಭತ್ತ ಸುಲಿಯುವ ಕೆಲಸ ಪೂರ್ತಿ ಮಕ್ಕಳಿಗೆ ಬಿಡಿ. ಉಗುರಲ್ಲಿ ಒಂದೊಂದೇ ಕಾಳು ಬಿಡಿಸಲು ಅವರಿಗೆ ಬಹಳ ಖುಷಿ. ಆ ಅಕ್ಕಿಯನ್ನು ಪುಡಿ ಮಾಡಿ ಹಾಲಿಗೋ ಪಾಯಸಕ್ಕೋ ಹಾಕಿ, ಪ್ರಾರ್ಥನೆ ಮಾಡಿ, ಮನೆಯ ಹಿರಿಯರು ಎಲ್ಲರಿಗೂ ಕೊಡುತ್ತಾರೆ. ಆಮೇಲೆ ಬಾಳೆ ಎಲೆಯಲ್ಲಿ ಸಸ್ಯಾಹಾರಿ ಊಟ. ಪಲ್ಯ, ಗಸಿ ಎಲ್ಲ ಸೇರಿ ಬೆಸ ಸಂಖ್ಯೆಯಲ್ಲಿ ಇರಬೇಕು. ಅದನ್ನು ಲೆಕ್ಕ ಇಡುವುದು ಮನೆಯ ಅತಿ ಚಿಕ್ಕವರ ಜವಾಬ್ದಾರಿಯಾಗಲಿ. ದುಬೈಯಲ್ಲೋ ಕುವೈತಲ್ಲೋ ಇರುವ ಚಿಕ್ಕಪ್ಪನಿಗೂ ಅತ್ತೆಗೂ ಒಂದೆರಡು ಕಾಳು ಅಂಚೆಯಲ್ಲಿ ಕಳಿಸುವ ಪದ್ಧತಿ ಎಷ್ಟೋ ಮನೆಗಳಲ್ಲಿದೆ. ಆ ಲಕೋಟೆಯ ಮೇಲೆ ವಿಳಾಸ ಬರೆಯಲು ಮಗಳಿಗೆ ಹೇಳಿ. ಆಗ ಅವಳು ಖಂಡಿತ ಕೇಳುತ್ತಾಳೆ, "ಎರಡು ಕಾಳು ಯಾಕೆ ಕಳಿಸೋದು? ಅಲ್ಲಿ ಅಕ್ಕಿ ಸಿಗಲ್ವಾ?" ಸರಿಯಾದ ಪ್ರಶ್ನೆ. ಧರ್ಮೋಪದೇಶಕಾಂಡದ 26ನೇ ಅಧ್ಯಾಯದಲ್ಲಿ ಮೊದಲ ಬೆಳೆಯನ್ನು ಬುಟ್ಟಿಯಲ್ಲಿಟ್ಟು ದೇವರ ಮುಂದೆ ತರುವ ಮಾತಿದೆ. ಅದನ್ನು ಅಲ್ಲೇ ಊಟದ ಎಲೆಯ ಮುಂದೆ ಓದಿ. ಎರಡು ನಿಮಿಷ ಸಾಕು. ವಿವರಣೆ ಜಾಸ್ತಿ ಬೇಡ.

ಕ್ರಿಸ್ಮಸ್ಸಿಗೆ ಬರೋಣ. ಡಿಸೆಂಬರ್ ಮೊದಲ ಭಾಗದಲ್ಲಿ ಖಾಲಿ ತೆಂಗಿನ ಚಿಪ್ಪುಗಳಿಗೆ ಮಣ್ಣು ತುಂಬಿ ಭತ್ತವನ್ನೋ ರಾಗಿಯನ್ನೋ ಬಿತ್ತಿ. ಹಬ್ಬದ ಹೊತ್ತಿಗೆ ಗೋದಲಿಯ ಸುತ್ತ ಇಡಲು ಹಸಿರು ಪೈರು ಸಿಗುತ್ತದೆ. ನೀರು ಹಾಕುವುದು ಮಕ್ಕಳ ಕೆಲಸ. ಬಿತ್ತಿದ ಮರುದಿನವೇ ಮಣ್ಣು ಕೆದಕಿ ನೋಡುತ್ತಾರೆ, ನೋಡಲಿ. ಮಾರ್ಕನ ಸುವಾರ್ತೆಯ 4ನೇ ಅಧ್ಯಾಯದಲ್ಲಿ ಒಂದು ಪುಟ್ಟ ಸಾಮತಿ, ಅಂದರೆ ದೃಷ್ಟಾಂತ ಕಥೆ ಇದೆ. ಒಬ್ಬ ಮನುಷ್ಯ ಬೀಜ ಬಿತ್ತುತ್ತಾನೆ, ರಾತ್ರಿ ಮಲಗುತ್ತಾನೆ, ಹಗಲು ಏಳುತ್ತಾನೆ. ಬೀಜ ಮೊಳೆತು ಬೆಳೆಯುತ್ತದೆ. ಹೇಗೆ ಬೆಳೆಯಿತು ಅಂತ ಅವನಿಗೆ ಗೊತ್ತಿಲ್ಲ. ದೇವರ ರಾಜ್ಯ ಹಾಗಿದೆ ಅನ್ನುತ್ತಾರೆ ಯೇಸು. ನಾಲ್ಕೇ ನಾಲ್ಕು ವಚನ. ಮೊದಲ ಮೊಳಕೆ ಕಂಡ ಬೆಳಿಗ್ಗೆ ಇದನ್ನು ಓದಿದರೆ ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ಇದು ನಾನು ನನ್ನ ತರಗತಿಯಲ್ಲೂ ಮನೆಯಲ್ಲೂ ಕಂಡಿರುವ ಸತ್ಯ.

ಇನ್ನು ಕುಸ್ವಾರ್. ಕಿಡಿಯೊ ಮಾಡುವಾಗ ಹಿಟ್ಟಿನ ಚೂರನ್ನು ಫೋರ್ಕಿನ ಬೆನ್ನಿಗೋ ಹೊಸ ಬಾಚಣಿಗೆಗೋ ಒತ್ತಿ ಸುರುಳಿ ಸುತ್ತುವುದು ಮಕ್ಕಳ ಕೈಗೆ ಹೇಳಿಮಾಡಿಸಿದ ಕೆಲಸ. ಸೊಟ್ಟ ಪಟ್ಟ ಆಗಲಿ, ಎಣ್ಣೆಗೆ ಬಿದ್ದ ಮೇಲೆ ರುಚಿ ಒಂದೇ. ಕರ್ಜಿಕಾಯಿಯಂಥ ನೆವ್ರಿಗೆ ಹೂರಣ ತುಂಬಿಸಲಿ. ಬಿಸಿ ಎಣ್ಣೆ ಇರುವುದರಿಂದ ಕೊಕ್ಕಿಸಾಂ (ರೋಸ್ ಕುಕ್ಕಿ) ಅಚ್ಚು ಅದ್ದುವುದು ದೊಡ್ಡವರಿಗೇ ಇರಲಿ. ಮುಖ್ಯವಾದದ್ದು ಆಮೇಲಿನ ಕೆಲಸ, ಅಂದರೆ ತಟ್ಟೆ ಜೋಡಿಸುವುದು. ಮುರಿದದ್ದು ನಮಗೆ, ಚಂದ ಇರುವುದು ಬೇರೆಯವರಿಗೆ. ಈ ನಿಯಮ ಮೊದಲ ದಿನವೇ ಹೇಳಿಬಿಡಿ. ದೀಪಾವಳಿಗೆ ಸಿಹಿ ಕೊಟ್ಟವರು, ಈದ್‌ಗೆ ಬಿರಿಯಾನಿ ಕಳಿಸಿದವರು, ವಾರ್ಡಿನಲ್ಲಿ ಒಬ್ಬರೇ ಇರುವ ವಯಸ್ಸಾದವರು, ಎಲ್ಲರ ಪಟ್ಟಿಯನ್ನು ಮಕ್ಕಳೇ ಮಾಡಲಿ. ತಟ್ಟೆ ಅವರೇ ಒಯ್ಯಲಿ. ನಿಮ್ಮನ್ನು ನೋಡಿದರೆ ಮಾತು ದೊಡ್ಡವರ ಮಧ್ಯೆ ಹೋಗುತ್ತದೆ. ಹಾಗಾಗಿ ನೀವು ಗೇಟಿನ ಹೊರಗೇ ನಿಲ್ಲಿ.

ಗೋದಲಿಯಲ್ಲಿ ಬಾಲ ಯೇಸುವಿನ ಜಾಗ 24ರ ರಾತ್ರಿವರೆಗೆ ಖಾಲಿ ಇರುತ್ತದಲ್ಲ, ಅಲ್ಲಿಗೆ ಒಂದು ಒಳ್ಳೆಯ ಕೆಲಸಕ್ಕೆ ಒಂದು ಹುಲ್ಲು ಹಾಕುವ ಪದ್ಧತಿ ಅನೇಕ ಮನೆಗಳಲ್ಲಿದೆ. ನನಗೆ ಅದು ತುಂಬಾ ಇಷ್ಟ. ಒಂದೇ ಷರತ್ತು, ಹುಲ್ಲು ಹಾಕಿದ್ದು ಯಾರು, ಯಾಕೆ ಅಂತ ಕೇಳಬಾರದು. ಪ್ರಾರ್ಥನೆ ಮಾಡಿದ್ದಕ್ಕೆ ಚಾಕಲೇಟು, ವಚನ ಬಾಯಿಪಾಠ ಮಾಡಿದ್ದಕ್ಕೆ ಸ್ಟಾರು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಚಾಕಲೇಟು ನಿಂತ ದಿನ ಪ್ರಾರ್ಥನೆಯೂ ನಿಲ್ಲುತ್ತದೆ.

ಕಾಣಿಕೆ ವಿಷಯದಲ್ಲೂ ಹಾಗೇ. ಪೂಜೆಯ ಮಧ್ಯೆ ಅಪ್ಪ ಹತ್ತು ರೂಪಾಯಿ ಮಗುವಿನ ಕೈಗಿಟ್ಟು ಪೆಟ್ಟಿಗೆಗೆ ಹಾಕಿಸುತ್ತಾರೆ. ಅದು ಅಪ್ಪನ ಕಾಣಿಕೆ. ಈಸ್ಟರಿಗೆ ಮೊದಲಿನ ತಪಸ್ಸು ಕಾಲದ ನಲವತ್ತು ದಿನ ಮಗು ತನ್ನ ಐಸ್‌ಕ್ರೀಮ್ ದುಡ್ಡನ್ನು ತಾನೇ ಡಬ್ಬಿಗೆ ಹಾಕಲಿ. ಎರಡು ಕಾಸು ಹಾಕಿದ ಬಡ ವಿಧವೆಯ ಕಥೆ ಆಗ ತಲೆಗೆ ಹೋಗುತ್ತದೆ. ಗರಿಗಳ ಭಾನುವಾರ ತಂದ ತೆಂಗಿನ ಗರಿಯಲ್ಲಿ ಶಿಲುಬೆ ಹೆಣೆಯಲು ಅಜ್ಜ ಅಜ್ಜಿಯರಿಂದ ಕಲಿಯಲಿ. ಮುಂದಿನ ವರ್ಷ ಆ ಒಣ ಗರಿಯನ್ನು ಚರ್ಚಿಗೆ ಒಪ್ಪಿಸುವುದೂ ಮಗುವೇ. ಅದನ್ನೇ ಸುಟ್ಟು ಬೂದಿ ಬುಧವಾರ ಹಣೆಗೆ ಹಚ್ಚುವ ಬೂದಿ ಮಾಡುತ್ತಾರೆ. ತಾನು ಕೊಟ್ಟ ಗರಿ ತನ್ನ ಹಣೆಗೆ ಬಂತು ಅಂತ ತಿಳಿದ ಮಗು ಆ ದಿನ ಸುಮ್ನೆ ನಿಲ್ಲುವುದಿಲ್ಲ, ಇನ್ನೂ ಹತ್ತು ಪ್ರಶ್ನೆ ಕೇಳುತ್ತದೆ.

ದಿನದ ಪ್ರಾರ್ಥನೆಗೆ ನನ್ನ ಸಲಹೆ ಚಿಕ್ಕದು. ಪುಟ್ಟ ಮಕ್ಕಳಿದ್ದರೆ ಪೂರ್ತಿ ತೇರ್ಸ್, ಅಂದರೆ ಜಪಮಾಲೆಯ ಹಠ ಬೇಡ, ಹತ್ತು ಮಣಿಯ ಒಂದು ಭಾಗ ಸಾಕು. ಮೇಣದಬತ್ತಿ ಹಚ್ಚುವವರು ಒಬ್ಬರು, ಇವತ್ತು ಯಾರಿಗಾಗಿ ಪ್ರಾರ್ಥನೆ ಅಂತ ಹೇಳುವವರು ಇನ್ನೊಬ್ಬರು. ಮುಗಿದ ಮೇಲೆ ಹಿರಿಯರ ಮುಂದೆ ಕೈಮುಗಿದು ಬೆಸಾಂವ್, ಅಂದರೆ ಆಶೀರ್ವಾದ ಕೇಳುವ ಕ್ರಮವನ್ನು ಮಾತ್ರ ಬಿಡಬೇಡಿ. ಹಗಲೆಲ್ಲ ಬೈಸಿಕೊಂಡ ಮಗುವಿನ ತಲೆಯ ಮೇಲೆ ಅದೇ ಅಪ್ಪನ ಕೈ ಬೀಳುವ ಹೊತ್ತು ಅದು. ಪ್ರಾಟೆಸ್ಟಂಟ್ ಗೆಳತಿಯರಿಗೂ ಇದನ್ನೇ ಹೇಳುತ್ತೇನೆ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದಾಗಿನಿಂದ ಅವರ ಸಭೆಗಳಲ್ಲಿ ಕನ್ನಡ, ತುಳು ಹಾಡುಗಳ ದೊಡ್ಡ ಸಂಪತ್ತು ಬೆಳೆದಿದೆ. ಮನೆ ಪ್ರಾರ್ಥನೆಯಲ್ಲಿ ಯಾವ ಹಾಡು ಅಂತ ಮಕ್ಕಳೇ ಆರಿಸಲಿ, ಅಷ್ಟೇ.

ರಜೆಯಲ್ಲಿ ಒಂದು ದಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲಿಗೆ ಕರೆದುಕೊಂಡು ಹೋಗಿ. ಗೋಡೆ, ಚಾವಣಿ ತುಂಬ ಚಿತ್ರ ಬರೆದವರು ಇಟಲಿಯ ಬ್ರದರ್ ಅಂತೋನಿಯೊ ಮೊಸ್ಕೇನಿ. ಮಕ್ಕಳು ತಲೆ ಎತ್ತಿ ನೋಡಲಿ. ಚಾವಣಿಯಲ್ಲಿರುವುದು ಅಲೋಶಿಯಸ್ ಗೊನ್ಜಾಗನ ಬದುಕು. ಅವನು 1591ರಲ್ಲಿ ರೋಮಿನಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡುತ್ತಾ ಅದೇ ರೋಗ ತಗುಲಿ 23ನೇ ವಯಸ್ಸಿಗೆ ತೀರಿಕೊಂಡವನು. ಕೋವಿಡ್ ದಿನಗಳನ್ನು ಮನೆಯವರ ಬಾಯಲ್ಲಿ ಕೇಳಿರುವ ಮಕ್ಕಳಿಗೆ ಇದು ಎಲ್ಲೋ ದೂರದ ಸಂತನ ಕಥೆ ಅನ್ನಿಸುವುದಿಲ್ಲ.

ಕೆಲಸ ಕೊಟ್ಟರೆ ಪ್ರಶ್ನೆ ಬರುತ್ತದೆ ಅಂದೆ. ಕಷ್ಟದ ಪ್ರಶ್ನೆಗಳೂ ಬರುತ್ತವೆ. "ನಾವು ದಿನಾ ಪ್ರಾರ್ಥನೆ ಮಾಡಿದ್ವಲ್ಲ, ಅಜ್ಜ ಯಾಕೆ ಗುಣ ಆಗಲಿಲ್ಲ?" ಇದಕ್ಕೆ "ದೇವರಿಗೆ ಅಜ್ಜ ಬೇಕಿತ್ತು" ಅನ್ನಬೇಡಿ, ದಯವಿಟ್ಟು. ಮಗುವಿಗೆ ಅಂಥ ದೇವರ ಮೇಲೆ ಭಯ ಹುಟ್ಟುತ್ತದೆ. "ನನಗೂ ಗೊತ್ತಿಲ್ಲ ಮಗಾ, ನನಗೂ ತುಂಬಾ ಬೇಜಾರಾಗಿದೆ" ಅನ್ನಿ. ಲಾಜರನ ಸಮಾಧಿಯ ಹತ್ತಿರ ಯೇಸು ಕೂಡ ಅತ್ತರು ಅಂತ ಹೇಳಿ. ಯೋವಾನ್ನನ ಸುವಾರ್ತೆಯ 11ನೇ ಅಧ್ಯಾಯ. ಮಗುವಿನ ಜೊತೆ ನೀವೂ ಅತ್ತರೆ ಅದೂ ಪ್ರಾರ್ಥನೆಯೇ ಅಂತ ನಾನು ನಂಬಿದ್ದೇನೆ.

ಹೈಸ್ಕೂಲಿಗೆ ಹೋಗುವವರಿಗೆ ಕಿಡಿಯೊ, ಹೂವು ಸಾಕಾಗುವುದಿಲ್ಲ, ನಿಜ. ಅವರಿಗೆ ದೊಡ್ಡ ಕೆಲಸ ಬೇಕು. ಕ್ರೈಸ್ತ ವಿದ್ಯಾರ್ಥಿಗಳ ಸಂಘಟನೆಯಾದ ವೈಸಿಎಸ್‌ಗೆ ಸೇರಲಿ, ಪೂಜೆಯಲ್ಲಿ ವಾಚನ ಓದಲಿ. ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯವರು ಕಷ್ಟದಲ್ಲಿರುವ ಮನೆಗಳಿಗೆ ಭೇಟಿ ಕೊಡುತ್ತಾರೆ. ಅವರ ಒಪ್ಪಿಗೆ ಪಡೆದು ಒಮ್ಮೆ ಜೊತೆಗೆ ಕಳಿಸಿ. ಹಾಸಿಗೆ ಹಿಡಿದವರ ಪಕ್ಕ ಕೂತು ಬಂದ ಹುಡುಗ "ದೇವರು ಇದ್ದರೆ ಇವರಿಗೆ ಯಾಕೆ ಹೀಗೆ?" ಅಂತ ಸಿಟ್ಟಿನಲ್ಲೇ ಕೇಳಬಹುದು. ಬಾಯಿ ಮುಚ್ಚಿಸಬೇಡಿ. ಅವನ ಜೊತೆ ಕೂತು ಮಾತಾಡಿ. ಮುಂದಿನ ವಾರವೂ ಆ ಮನೆಗೆ ಹೋಗುತ್ತೀಯಾ ಅಂತ ಕೇಳಿ, ನೀವೂ ಜೊತೆಗೆ ಹೊರಡಿ.