ಬೀಜದ ಪೊಟ್ಟಣದಿಂದ ಹುಟ್ಟಿದ ರೈಡರ್ ಕಪ್

ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್‌ನಲ್ಲಿ ವೇಗದ ರೈಲು ಹತ್ತಿದರೆ ಇಪ್ಪತ್ತು ನಿಮಿಷಕ್ಕೆಲ್ಲ ಸೇಂಟ್ ಆಲ್ಬನ್ಸ್ ಬರುತ್ತದೆ. ಒಂದು ಪೆನ್ನಿ ನಾಣ್ಯಕ್ಕೆ ಒಂದು ಪೊಟ್ಟಣದಂತೆ ಬೀಜವನ್ನು ಅಂಚೆಯಲ್ಲಿ ಮಾರಿ ಬೆಳೆದ ವ್ಯಾಪಾರಿ ಸ್ಯಾಮ್ಯುಯೆಲ್ ರೈಡರ್ ಇದ್ದದ್ದು ಈ ಊರಿನಲ್ಲೇ. ಆತ ಗಾಲ್ಫ್ ಕಲಿತದ್ದು ಐವತ್ತರ ಆಸುಪಾಸಿನಲ್ಲಿ. ಬ್ರಿಟನ್ ಮತ್ತು ಅಮೆರಿಕದ ಗಾಲ್ಫ್ ತಂಡಗಳ ಪಂದ್ಯಕ್ಕೆ ಆತ ಕೊಟ್ಟ ಚಿನ್ನದ ಕಪ್ಪೇ ರೈಡರ್ ಕಪ್, ಎತ್ತರ 17 ಅಂಗುಲ. ಅದರ ತುದಿಯಲ್ಲಿ ನಿಂತಿರುವ ಪುಟ್ಟ ಆಟಗಾರ ಆತನಿಗೆ ಆಟ ಹೇಳಿಕೊಟ್ಟ ಏಬ್ ಮಿಚೆಲ್. 1927ರ ಮೊದಲ ಪಂದ್ಯಕ್ಕೆ ಬ್ರಿಟಿಷ್ ತಂಡ ಅಮೆರಿಕಕ್ಕೆ ಹೊರಟಾಗ ಅದೇ ಮಿಚೆಲ್‌ಗೆ ಅಪೆಂಡಿಸೈಟಿಸ್! ಅವರಿಲ್ಲದ ತಂಡ ಮ್ಯಾಸಚೂಸೆಟ್ಸ್‌ನಲ್ಲಿ 9½–2½ರಿಂದ ಸೋತಿತು.

ಎರಡು ವರ್ಷಕ್ಕೊಮ್ಮೆ ನಡೆಯುವ ಈ ಪಂದ್ಯದಲ್ಲಿ ಒಟ್ಟು ಹೊಡೆತ ಎಣಿಸುವುದಿಲ್ಲ, ಒಂದೊಂದು ಕುಳಿಯನ್ನೂ ಗೆಲ್ಲಬೇಕು, ಇದಕ್ಕೆ ಮ್ಯಾಚ್ ಪ್ಲೇ ಎನ್ನುತ್ತಾರೆ. ತಂಡಕ್ಕೆ 12 ಜನ, ಮೂರು ದಿನ, 28 ಅಂಕ. ಕಪ್ ಕಿತ್ತುಕೊಳ್ಳಲು 14½ ಬೇಕು. ಈಗಾಗಲೇ ಇಟ್ಟುಕೊಂಡವರಿಗೆ 14 ಸಾಕು. ಮೊದಲೆರಡು ದಿನ ಜೋಡಿ ಆಟ. ಫೋರ್‌ಬಾಲ್‌ನಲ್ಲಿ ಪ್ರತಿಯೊಬ್ಬರಿಗೂ ಸ್ವಂತ ಚೆಂಡಿರುತ್ತದೆ, ಜೋಡಿಯಲ್ಲಿ ಚೆನ್ನಾಗಿ ಆಡಿದವರ ಲೆಕ್ಕ ಹಿಡಿಯುತ್ತಾರೆ. ಫೋರ್ಸಮ್ಸ್‌ನಲ್ಲಿ ಇಬ್ಬರಿಗೂ ಸೇರಿ ಒಂದೇ ಚೆಂಡು, ಸರದಿಯ ಹೊಡೆತ. ಮೊದಲ ಕುಳಿಗೆ ಟೀ, ಅಂದರೆ ಆರಂಭದ ಹೊಡೆತ, ಹೊಡೆದವರು ಕೊನೆಯವರೆಗೂ ಬೆಸ ಸಂಖ್ಯೆಯ ಕುಳಿಗಳಿಗೇ ಟೀ ಹೊಡೆಯಬೇಕು. ಅದಕ್ಕೇ ಪಾರ್-3 ಕುಳಿಗಳು (ಮೂರು ಹೊಡೆತದಲ್ಲಿ ಮುಗಿಸಬೇಕಾದ ಚಿಕ್ಕ ಕುಳಿಗಳು) ಯಾವ ಸಂಖ್ಯೆಗೆ ಬೀಳುತ್ತವೆ ಎಂದು ನೋಡಿ, ಐರನ್ ಎಂಬ ಕೋಲಿನಲ್ಲಿ ಚೆನ್ನಾಗಿ ಆಡುವವರಿಗೆ ಆ ಸರದಿ ಕೊಡುವುದು ವಾಡಿಕೆ. ಮರೆತು ಸರದಿ ತಪ್ಪಿ ಹೊಡೆದರೆ ಆ ಕುಳಿಯೇ ಹೋಯಿತು. ಕೊನೆಯ ದಿನ 12 ಒಂಟಿ ಪಂದ್ಯ.

1935ರಿಂದ 1983ರವರೆಗೆ ಬ್ರಿಟಿಷ್ ಪಾಳಯಕ್ಕೆ ದಕ್ಕಿದ್ದು 1957ರ ಒಂದೇ ಗೆಲುವು. 1969ರಲ್ಲಿ ಇಂಗ್ಲೆಂಡಿನ ರಾಯಲ್ ಬರ್ಕ್‌ಡೇಲ್‌ನ ಕೊನೆಯ ಕುಳಿಯಲ್ಲಿ ಬ್ರಿಟನ್ನಿನ ಟೋನಿ ಜ್ಯಾಕ್ಲಿನ್ ಮುಂದೆ ಎರಡು-ಮೂರು ಅಡಿಯ ಪಟ್ (ಚೆಂಡನ್ನು ಕುಳಿಗೆ ಉರುಳಿಸುವ ಹೊಡೆತ) ಉಳಿದಿತ್ತು. ಅಮೆರಿಕದ ಜ್ಯಾಕ್ ನಿಕ್ಲಾಸ್ ಅದನ್ನು ಆಡಿಸದೆ ಬಿಟ್ಟುಕೊಟ್ಟರು, ಆಗ ಒಟ್ಟು 32 ಅಂಕವಿದ್ದ ಪಂದ್ಯ 16–16ರ ಸಮವಾಯಿತು. ಮ್ಯಾಚ್ ಪ್ಲೇಯಲ್ಲಿ ಎದುರಾಳಿಗೆ ಹೀಗೆ ಬಿಟ್ಟುಕೊಡುವುದು ನಿಯಮದಲ್ಲೇ ಇದೆ. ಆದರೆ ಕೊನೆಯ ಕುಳಿಯಲ್ಲಿ, ಅಷ್ಟು ಜನರೆದುರು ಬಿಟ್ಟುಕೊಡಲು ದೊಡ್ಡ ಮನಸ್ಸೇ ಬೇಕು. ಏಕಪಕ್ಷೀಯವಾಗಿ ಸೊರಗುತ್ತಿದ್ದ ಪಂದ್ಯಕ್ಕೆ ಇಡೀ ಯುರೋಪನ್ನು ಸೇರಿಸಿ ಎಂದು ಒತ್ತಾಯಿಸಿದವರೂ ನಿಕ್ಲಾಸ್ ಅವರೇ. 1979ರಲ್ಲಿ ಸ್ಪೇನಿನ ಬ್ಯಾಲೆಸ್ಟೆರೋಸ್ ಬಂದರು. 1985ರಲ್ಲಿ ಇಂಗ್ಲೆಂಡಿನ ಬೆಲ್ಫ್ರಿಯಲ್ಲಿ ಯುರೋಪ್ ಗೆದ್ದಿತು, ಎರಡು ವರ್ಷದ ನಂತರ ಅಮೆರಿಕದ ನೆಲದಲ್ಲೇ.

2025ರಲ್ಲಿ ನ್ಯೂಯಾರ್ಕಿನ ಬೆತ್‌ಪೇಜ್‌ನಲ್ಲಿ ಯುರೋಪ್ 15–13ರಿಂದ ಗೆದ್ದಾಗ ಲಕೋಟೆಯ ನಿಯಮವೂ ಸುದ್ದಿಯಾಯಿತು. ಕೊನೆಯ ದಿನ ಒಬ್ಬರು ಗಾಯಗೊಂಡರೆ ತಮ್ಮ ತಂಡದಲ್ಲಿ ಆಡದೆ ಉಳಿಯಬೇಕಾದವರ ಹೆಸರನ್ನು ಎದುರು ನಾಯಕ ಮೊದಲೇ ಲಕೋಟೆಯಲ್ಲಿ ಬರೆದಿಟ್ಟಿರುತ್ತಾರೆ. ಯುರೋಪಿನ ವಿಕ್ಟರ್ ಹೋವ್ಲ್ಯಾಂಡ್ ಕುತ್ತಿಗೆ ಹಿಡಿದುಕೊಂಡಿತು, ಅಮೆರಿಕದ ಆಟಗಾರ ಹ್ಯಾರಿಸ್ ಇಂಗ್ಲಿಷ್ ಅವರ ಹೆಸರು ಹೊರಬಂತು, ಇಬ್ಬರಿಗೂ ಅರ್ಧರ್ಧ ಅಂಕ.

ಭಾರತದವರಿಗೆ ಇಲ್ಲಿ ಜಾಗವಿಲ್ಲ. ನಮ್ಮವರು ಆಡಬಹುದಾದದ್ದು ಯುರೋಪ್ ಬಿಟ್ಟು ಉಳಿದ ಜಗತ್ತು ಅಮೆರಿಕವನ್ನು ಎದುರಿಸುವ, 1994ರಲ್ಲಿ ಶುರುವಾದ ಪ್ರೆಸಿಡೆಂಟ್ಸ್ ಕಪ್. ಬೆಂಗಳೂರಿನಲ್ಲಿ ಪಳಗಿದ ಅನಿರ್ಬನ್ ಲಾಹಿರಿ 2015ರಲ್ಲಿ ಕೊರಿಯಾದಲ್ಲಿ ಅದನ್ನು ಆಡಿದ ಮೊದಲ ಭಾರತೀಯರಾದರು. ಹದಿನೆಂಟನೇ ಕುಳಿಯಲ್ಲಿ ಅವರ ಮುಂದೆಯೂ ಒಂದು ಕಿರು ಪಟ್ ಇತ್ತು, ಅಂಚು ಸವರಿ ತಪ್ಪಿತು. ಅಮೆರಿಕ 15½–14½ರಿಂದ ಗೆದ್ದಿತು.