ಮೀಟರ್ 19.5 ತೋರಿಸಿತು, ನಾನು ನಂಬಿದೆ

ರಾಯಚೂರಿನ ಸ್ಟೇಷನ್ ರಸ್ತೆ ಕಡೆ ನನ್ನದೊಂದು ಲ್ಯಾಪ್‌ಟಾಪ್ ರಿಪೇರಿ ಅಂಗಡಿ. ಹನ್ನೊಂದು ವರ್ಷದಿಂದ ಇದೇ ಕೆಲಸ. ಏಪ್ರಿಲ್, ಮೇ ಬಂತೆಂದರೆ ಟೇಬಲ್ ಮೇಲೆ ಲ್ಯಾಪ್‌ಟಾಪ್‌ಗಳಿಗಿಂತ ಚಾರ್ಜರ್‌ಗಳೇ ಹೆಚ್ಚು. ‘ಕಾದು ಕೆಂಡ ಆಗ್ತದ್ರೀ’, ‘ವೈರ್ ಹಿಡ್ಕೊಂಡ್ರ ಚಾರ್ಜ್ ಆಗ್ತದ, ಬಿಟ್ರ ಬಂದ್ ಆಗ್ತದ’. ಗಿರಾಕಿಗಳು ಹೇಳುವ ಈ ಎರಡು ಮಾತನ್ನು ನಾನು ಬಹಳ ವರ್ಷ ಸರಿಯಾಗಿ ಕೇಳಿಸಿಕೊಂಡಿರಲಿಲ್ಲ. ಚಾರ್ಜರ್ ತೆಗೆದುಕೊಳ್ಳುವುದು, ಪ್ಲಗ್ಗಿಗೆ ಹಾಕುವುದು, ಪಿನ್ನಿಗೆ ಮಲ್ಟಿಮೀಟರ್ ಹಿಡಿಯುವುದು, 19.5 ವೋಲ್ಟ್ ಬಂದರೆ ‘ಚಾರ್ಜರ್ ಚಲೋ ಅದ’ ಎಂದು ಕಳಿಸುವುದು. ಅಷ್ಟೇ ನನ್ನ ಪರೀಕ್ಷೆಯಾಗಿತ್ತು.

ಅದು ತಪ್ಪು ಎಂದು ಗೊತ್ತಾಗಿದ್ದು ಮಾನ್ವಿ ರಸ್ತೆಯ ಒಂದು ಅಕ್ಕಿ ಮಿಲ್ಲಿನ ಗುಮಾಸ್ತರಿಂದ. ಅರವತ್ತರ ಹತ್ತಿರದ ವಯಸ್ಸು, ನಾನು ಅವರನ್ನು ಕಾಕಾ ಅನ್ನುತ್ತೇನೆ. ಲೆಕ್ಕ, ಬಿಲ್ಲು, ಇ-ವೇ ಬಿಲ್ಲು ಎಲ್ಲ ಅವರ ಒಂದೇ ಲ್ಯಾಪ್‌ಟಾಪಿನ ಮೇಲೆ. ಮೊದಲ ಸಲ ಬಂದಾಗ ನಾನು ಮೀಟರ್ ಹಿಡಿದು ವಾಪಸ್ ಕೊಟ್ಟೆ. ವಾರ ಬಿಟ್ಟು ಮತ್ತೆ ಬಂದರು. ಚಾರ್ಜರ್ ಸರಿ ಇದೆ ಎಂದು ನಾನೇ ತೀರ್ಮಾನ ಮಾಡಿ ಆಗಿತ್ತಲ್ಲ, ಹಾಗಾಗಿ ಬ್ಯಾಟರಿ ಮೇಲೆ ಅನುಮಾನ ಹೋಯಿತು. ಬ್ಯಾಟರಿ ಬದಲಿಸಿ 2,400 ರೂಪಾಯಿ ತೆಗೆದುಕೊಂಡೆ. ನಾಲ್ಕೇ ದಿನಕ್ಕೆ ಫೋನ್ ಬಂತು. ಅಕ್ಕಿ ತುಂಬಿದ ಲಾರಿ ಗೇಟಿನಲ್ಲಿ ನಿಂತಿದೆ, ಬಿಲ್ಲು ತೆಗೆಯುವ ಹೊತ್ತಿಗೆ ಲ್ಯಾಪ್‌ಟಾಪ್ ಆರಿಹೋಗಿದೆ.

‘ತಮ್ಮಾ, ನಿನ್ನ ಅಂಗಡ್ಯಾಗ ಚಲೋ ನಡೀತದ. ಮಿಲ್ಲಿಗೆ ತಂದ್ರ ಮಧ್ಯಾಹ್ನಕ್ಕ ಕೈ ಕೊಡ್ತದ. ಒಮ್ಮೆ ಇಲ್ಲೇ ಬಂದು ನೋಡು.’

ಹೋದೆ. ಮೇ ತಿಂಗಳು, ಹೊರಗೆ 42 ಡಿಗ್ರಿ. ಆಫೀಸಿನ ಮೇಲೆ ತಗಡಿನ ಶೀಟು. ಕಾಕಾ ಕುರ್ಚಿಯ ಹಿಂದೆ ಗೋಣಿ ಚೀಲಗಳ ಒಟ್ಟಲು, ಅದಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ಚಾರ್ಜರಿನ ಡಬ್ಬಿ. ಡಬ್ಬಿಯ ಸುತ್ತ ಒಂದು ಟವೆಲ್, ಮೇಲೆ ದಾರ ಕಟ್ಟಿದ್ದಾರೆ.

‘ಕಾಕಾ, ಟವೆಲ್ ಯಾಕ ಸುತ್ತೀರಿ?’

‘ಹೊಟ್ಟಿನ ಧೂಳು ಒಳಗ ಹೋಗಬಾರದಂತ. ನೀನೇ ಹೇಳಿದ್ದಿಯಲ್ಲ, ಧೂಳಾಗ ಇಡಬ್ಯಾಡ್ರಿ ಅಂತ.’

ಹೌದು, ನಾನೇ ಹೇಳಿದ್ದೆ. ಲ್ಯಾಪ್‌ಟಾಪಿನ ಫ್ಯಾನ್ ಸ್ವಚ್ಛ ಮಾಡಿಕೊಟ್ಟಾಗ ಹೇಳಿದ ಮಾತನ್ನು ಅವರು ಚಾರ್ಜರಿಗೂ ಪಾಲಿಸಿದ್ದರು. ಚಾರ್ಜರಿನ ಡಬ್ಬಿಗೆ ಫ್ಯಾನ್ ಇಲ್ಲ, ಗಾಳಿಕಿಂಡಿ ಇಲ್ಲ. ಒಳಗಿನ ಶಾಖ ಹೊರಗೆ ಹೋಗುವುದು ಮೈಯಿಂದಲೇ. ಅದನ್ನು ಬಿಡಿಸಿ ಹೇಳುವುದು ನನ್ನ ಕೆಲಸವಾಗಿತ್ತು. ಹೇಳಿರಲಿಲ್ಲ.

ಲೆಕ್ಕ ನೋಡಿ. 65 ವ್ಯಾಟಿನ ಚಾರ್ಜರ್ ನೂರಕ್ಕೆ 88ರಷ್ಟು ದಕ್ಷತೆಯಲ್ಲಿ ಕೆಲಸ ಮಾಡಿದರೆ ಗೋಡೆಯಿಂದ ಸುಮಾರು 74 ವ್ಯಾಟ್ ಎಳೆಯುತ್ತದೆ. ಉಳಿದ 9 ವ್ಯಾಟ್ ಆ ಪುಟ್ಟ ಡಬ್ಬಿಯೊಳಗೇ ಶಾಖವಾಗುತ್ತದೆ. ಬಹುತೇಕ ಕಂಪನಿಗಳು ಚಾರ್ಜರನ್ನು ತಯಾರಿಸುವುದು ಸುತ್ತಲಿನ ಗಾಳಿ 35ರಿಂದ 40 ಡಿಗ್ರಿ ಇರುತ್ತದೆ ಎಂದುಕೊಂಡು. ನಮ್ಮೂರ ಬೇಸಿಗೆ ಆ ಗೆರೆಯನ್ನು ನೆರಳಿನಲ್ಲೇ ದಾಟುತ್ತದೆ. ಅದರ ಮೇಲೆ ಟವೆಲ್, ಗೋಣಿ, ತಗಡು. ಒಳಗಿನ ಐಸಿ, ಅಂದರೆ ಚಾರ್ಜರನ್ನು ನಿಯಂತ್ರಿಸುವ ಚಿಪ್, ತನ್ನನ್ನು ಉಳಿಸಿಕೊಳ್ಳಲು ಕರೆಂಟ್ ನಿಲ್ಲಿಸುತ್ತದೆ, ಅರ್ಧ ಗಂಟೆ ತಣ್ಣಗಾದರೆ ಮತ್ತೆ ಶುರು. ನನ್ನ ಅಂಗಡಿಯಲ್ಲಿ ಬೆಳಿಗ್ಗೆ ಹತ್ತಕ್ಕೆ, ಫ್ಯಾನಿನ ಕೆಳಗೆ ಐದು ನಿಮಿಷ ಇಟ್ಟರೆ ಈ ದೋಷ ಎಲ್ಲಿಂದ ಕಾಣಬೇಕು?

ಟವೆಲ್ ಬಿಚ್ಚಿದೆ, ಡಬ್ಬಿಯನ್ನು ಕಿಟಕಿ ಹತ್ತಿರ ಮೊಳೆಗೆ ತೂಗುಹಾಕಿದೆ. ಕೆಲಸ ಮುಗಿಯಿತು ಅಂದುಕೊಂಡು ಎದ್ದವನು, ಲ್ಯಾಪ್‌ಟಾಪಿಗೆ ಸಿಕ್ಕಿಸುವ ಪಿನ್ನಿನ ಕುತ್ತಿಗೆಯನ್ನು ಸುಮ್ಮನೆ ಮುಟ್ಟಿದೆ. ಅದೂ ಸುಡುತ್ತಿತ್ತು. ಡಬ್ಬಿ ಬಿಸಿಯಾಗುವುದು ಒಂದು ಮಟ್ಟಕ್ಕೆ ಸಹಜ. ಕುತ್ತಿಗೆ ಬಿಸಿಯಾಗುವುದು ಎಂದೂ ಸಹಜವಲ್ಲ. ಬಾಗಿಸಿದರೆ ಚಾರ್ಜಿಂಗ್ ದೀಪ ಆರುತ್ತಿತ್ತು. ಒಂದು ಕಾಯಿಲೆ ಎಂದು ಹುಡುಕಿಕೊಂಡು ಹೋದೆ, ಇದ್ದದ್ದು ಎರಡು.

ಅಂಗಡಿಗೆ ತಂದು ಕುತ್ತಿಗೆಯ ರಬ್ಬರ್ ಸೀಳಿದೆ. ಒಳಗಿನ ತಾಮ್ರದ ಎಳೆಗಳು ಬಹುಪಾಲು ತುಂಡಾಗಿ ಕಪ್ಪಾಗಿದ್ದವು, ನಾಲ್ಕೈದು ಎಳೆ ಮಾತ್ರ ಉಳಿದಿದ್ದವು. ಮೀಟರ್ ನನ್ನನ್ನು ದಾರಿ ತಪ್ಪಿಸಿದ್ದು ಇಲ್ಲೇ. ಮಲ್ಟಿಮೀಟರ್ ಕರೆಂಟನ್ನು ಎಳೆಯುವುದೇ ಇಲ್ಲ ಎನ್ನಬಹುದು, ಒಂದೇ ಎಳೆ ಉಳಿದಿದ್ದರೂ ಅದು ಪೂರ್ತಿ 19.5 ತೋರಿಸುತ್ತದೆ. ನಮ್ಮ ಕಡೆಯ ರೈತರಿಗೆ ಹೇಳುವುದಾದರೆ ಕಾಲುವೆಯ ಲೆಕ್ಕ. ಗೇಟು ಮುಚ್ಚಿ ನೀರು ನಿಂತಾಗ ಮೇಲ್ಭಾಗದಲ್ಲೂ ಕೊನೆಯಲ್ಲೂ ಮಟ್ಟ ಒಂದೇ. ಗೇಟು ಎತ್ತಿ ಹರಿಯಲು ಬಿಟ್ಟಾಗಲೇ ಹೂಳು ಎಲ್ಲಿ ತುಂಬಿದೆ ಎಂದು ಗೊತ್ತಾಗುವುದು. ಆ ಕುತ್ತಿಗೆಯಲ್ಲಿ 3 ಆಂಪಿಯರ್ ಹರಿದಾಗ ಒಂದೂವರೆ ವೋಲ್ಟ್ ನಷ್ಟವಾಗುತ್ತಿತ್ತು. ಅಂದರೆ ಬೆರಳ ತುದಿಯಷ್ಟು ಜಾಗದಲ್ಲಿ ನಾಲ್ಕೂವರೆ ವ್ಯಾಟ್ ಶಾಖ. ರಬ್ಬರ್ ಮೆತ್ತಗಾಗಿ ಎರಡು ತಂತಿ ಒಂದಕ್ಕೊಂದು ತಾಗಲು ಇನ್ನು ಬಹಳ ದಿನ ಬೇಕಿರಲಿಲ್ಲ.

ಪಿನ್ ಸಮೇತ ಹೊಸ ವೈರ್ ಬೆಸುಗೆ ಹಾಕಿ ಕೊಟ್ಟೆ, ಬ್ಯಾಟರಿಯ ದುಡ್ಡು ವಾಪಸ್ ಕೊಟ್ಟೆ. ಹಳೆಯ ಬ್ಯಾಟರಿಗೆ ಏನೂ ಆಗಿರಲಿಲ್ಲ.

ಆ ವಾರವೇ ಒಂದು ಲೋಡ್ ಮಾಡಿಕೊಂಡೆ, ಅಂದರೆ ಲ್ಯಾಪ್‌ಟಾಪಿನ ಬದಲು ಚಾರ್ಜರಿನಿಂದ ಕರೆಂಟ್ ಎಳೆದು ಪರೀಕ್ಷಿಸುವ ಸಾಧನ. ಮೊದಲು 24 ವೋಲ್ಟಿನ ಲಾರಿ ಹೆಡ್‌ಲೈಟ್ ಬಲ್ಬ್ ಹಾಕಿ ನೋಡಿದೆ. ಬಲ್ಬಿನ ತಂತಿ ತಣ್ಣಗಿದ್ದಾಗ ಹಲವು ಪಟ್ಟು ಹೆಚ್ಚು ಕರೆಂಟ್ ಎಳೆಯುತ್ತದೆ, ಚಾರ್ಜರ್ ಅದನ್ನು ಶಾರ್ಟ್ ಎಂದು ತಿಳಿದು ಬಂದ್ ಆಗುತ್ತದೆ. ಒಳ್ಳೆಯ ಚಾರ್ಜರೂ ಕೆಟ್ಟದ್ದರಂತೆ ಕಂಡಿತು. ಆಮೇಲೆ 6 ಓಮ್, 100 ವ್ಯಾಟಿನ ರೆಸಿಸ್ಟರ್ ತಂದು ಹಳೆಯ ಆಂಪ್ಲಿಫೈಯರಿನ ಶಾಖ ಹೊರಹಾಕುವ ಅಲ್ಯೂಮಿನಿಯಂ ಹೀಟ್‌ಸಿಂಕಿಗೆ ಬಿಗಿದೆ. 19.5 ವೋಲ್ಟಿಗೆ ಅದು 3.25 ಆಂಪಿಯರ್, ಸುಮಾರು 63 ವ್ಯಾಟ್ ಎಳೆಯುತ್ತದೆ. 65 ವ್ಯಾಟಿನ ಚಾರ್ಜರಿಗೆ ಹೇಳಿ ಮಾಡಿಸಿದಂತೆ. 45 ವ್ಯಾಟಿನದಕ್ಕೆ 10 ಓಮಿನದು ಬೇರೆ ಇದೆ. ಅರ್ಧ ಗಂಟೆ ನಡೆಸುತ್ತೇನೆ, ವೈರನ್ನು ಎರಡೂ ತುದಿಯಲ್ಲಿ ಬಾಗಿಸುತ್ತೇನೆ, ಪಿನ್ನಿನಲ್ಲಿ ವೋಲ್ಟ್ ನೋಡುತ್ತೇನೆ. ಲೋಡ್ ಇಲ್ಲದಾಗ ಇದ್ದುದಕ್ಕಿಂತ ಅರ್ಧ ವೋಲ್ಟಿಗೂ ಹೆಚ್ಚು ಇಳಿದರೆ ಅದನ್ನು ಗಿರಾಕಿಯ ಕೈಗೆ ಹಾಗೇ ಕೊಡುವುದಿಲ್ಲ.

ಈಗ ಯಾರೇ ‘ಬಿಸಿ ಆಗ್ತದ’ ಎಂದರೂ ನನ್ನ ಮೊದಲ ಪ್ರಶ್ನೆ, ‘ಎಲ್ಲಿ ಬಿಸಿ ಆಗ್ತದ, ಬೆರಳಿಟ್ಟು ತೋರಿಸ್ರಿ’. ಡಬ್ಬಿಯೋ, ಕುತ್ತಿಗೆಯೋ, ಲ್ಯಾಪ್‌ಟಾಪಿನ ತೂತಿನ ಸುತ್ತಲೋ, ಗೋಡೆಯ ಪ್ಲಗ್ಗೋ. ಲ್ಯಾಪ್‌ಟಾಪಿನ ತೂತಿನ ಬಳಿ ಬಿಸಿ ಇದ್ದರೆ ಒಳಗಿನ ಜಾಕ್ ಸಡಿಲವಾಗಿರುತ್ತದೆ, ಚಾರ್ಜರ್ ಎಷ್ಟು ಬದಲಿಸಿದರೂ ಹೊಸ ಪಿನ್ನೂ ಕಪ್ಪಾಗುತ್ತದೆ. ಗೋಡೆಯ ಪ್ಲಗ್ ಬಿಸಿಯಾದರೆ ಚಾರ್ಜರಿನ ತಪ್ಪಿಲ್ಲ. ಸಾಕೆಟ್ ಸಡಿಲ, ಅಥವಾ ಮೂರು ಪಿನ್ನನ್ನು ಎರಡು ಪಿನ್ನಿಗೆ ಇಳಿಸುವ ಅಗ್ಗದ ಕನೆಕ್ಟರ್ ಹಾಕಿರುತ್ತಾರೆ. ಚಟಚಟ ಸದ್ದು, ಸುಟ್ಟ ವಾಸನೆ, ಕಂದು ಕಲೆ ಕಂಡರೆ ಅವತ್ತೇ ಬಳಕೆ ನಿಲ್ಲಿಸಿ ಎಂದು ಕೈ ಮುಗಿದು ಹೇಳುತ್ತೇನೆ.

ಆ ಮೂರನೇ ಪಿನ್ ಬಗ್ಗೆ ಒಂದು ಮಾತು. ಹಾಸ್ಟೆಲ್ ಹುಡುಗರು ಅದನ್ನು ಮುರಿದುಕೊಂಡು ಬರುತ್ತಾರೆ, ಎರಡು ತೂತಿನ ಬೋರ್ಡಿಗೆ ಕೂರಲಿ ಎಂದು. ಆಮೇಲೆ ಲೋಹದ ಮೈಯ ಲ್ಯಾಪ್‌ಟಾಪ್ ಮುಟ್ಟಿದರೆ ಜುಮ್ಮೆನ್ನುತ್ತದೆ ಎಂಬ ದೂರು. ಚಾರ್ಜರಿನೊಳಗೆ ಕರೆಂಟಿನ ಗದ್ದಲ (ಬೇಡದ ಏರಿಳಿತ) ಸೋಸಲು ಇರುವ ಪುಟ್ಟ ಕೆಪಾಸಿಟರ್ ಮೂಲಕ ಬರುವ ಅತಿ ಸಣ್ಣ ಕರೆಂಟ್ ಅದು. ಅರ್ಥಿಂಗ್ ಇದ್ದರೆ ನೆಲಕ್ಕೆ ಹೋಗುತ್ತದೆ, ಇಲ್ಲದಿದ್ದರೆ ನಿಮ್ಮ ಕೈಯಿಂದ ಹೋಗುತ್ತದೆ. ಮುರಿದ ಕೇಬಲ್ ತೆಗೆದು ಮೂರು ಪಿನ್ನಿನದು ಹಾಕಿ, ಅರ್ಥಿಂಗ್ ಸರಿ ಇರುವ ಪ್ಲಗ್ಗಿಗೆ ಹಾಕಿದರೆ ಜುಮ್ಮು ನಿಲ್ಲುತ್ತದೆ.

ಬದಲಿ ಚಾರ್ಜರ್ ಕೊಳ್ಳುವಾಗ ಜನ ಪಿನ್ ಕೂತರೆ ಸಾಕು ಎನ್ನುತ್ತಾರೆ. ಸಾಲದು. ವೋಲ್ಟ್ ಹಳೆಯದರಷ್ಟೇ ಇರಬೇಕು. ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು, ಕಡಿಮೆ ಮಾತ್ರ ಬೇಡ. 90 ವ್ಯಾಟ್ ಕೇಳುವ ಲ್ಯಾಪ್‌ಟಾಪಿಗೆ 45 ವ್ಯಾಟಿನದನ್ನು ಸಿಕ್ಕಿಸಿದರೆ ಅದು ದಿನವಿಡೀ ಏದುಸಿರು ಬಿಡುತ್ತದೆ. ಡೆಲ್ ಪಿನ್ನಿನ ನಡುವಿನ ಸೂಜಿಯಂಥ ಕಡ್ಡಿ ಬೇರೆಯೇ ಕೆಲಸಕ್ಕಿದೆ. ಚಾರ್ಜರ್ ಎಷ್ಟು ವ್ಯಾಟಿನದು ಎಂದು ಲ್ಯಾಪ್‌ಟಾಪಿಗೆ ತಿಳಿಸುವುದು ಅದೇ. ಅದು ಬಾಗಿದರೆ ಲ್ಯಾಪ್‌ಟಾಪ್ ಓಡುತ್ತದೆ, ಬ್ಯಾಟರಿ ಮಾತ್ರ ಏರುವುದಿಲ್ಲ, ವೇಗವೂ ಇಳಿಯುತ್ತದೆ. ಇದನ್ನೂ ಬ್ಯಾಟರಿ ದೋಷ ಎಂದು ತಿಳಿದು ದುಡ್ಡು ಕಳೆದುಕೊಂಡವರನ್ನು ನೋಡಿದ್ದೇನೆ.

ಚಾರ್ಜರ್ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು, ಅದರ ಜೊತೆ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ತಯಾರಕರ ಹೆಸರು ಬರುತ್ತದೆ. ಗಿರಾಕಿಯ ಎದುರಿಗೇ ಹಾಕಿ ತೋರಿಸುತ್ತೇನೆ. ಮುನ್ನೂರು ರೂಪಾಯಿ ಉಳಿಸಲು ಹೋಗಿ ಗುರುತಿಲ್ಲದ್ದನ್ನು ಒಯ್ಯುವವರನ್ನು ತಡೆಯಲು ನನ್ನಿಂದ ಆಗುವುದು ಅಷ್ಟು.

ಡಬ್ಬಿಯನ್ನು ಮನೆಯಲ್ಲಿ ಒಡೆದು ನೋಡಬೇಡಿ. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಡಿಸಿ ಇರುತ್ತದೆ, ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಉಳಿಯಬಹುದು. ಆ ಜಾತಿಯ ಕೆಪಾಸಿಟರಿಗೆ ಒಂದು ನಿಯಮವಿದೆ. ಹತ್ತು ಡಿಗ್ರಿ ಶಾಖ ಏರಿದರೆ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಹಾಸಿಗೆ, ದಿಂಬು, ಗೋಣಿ ಮೇಲೆ ಇಡಬೇಡಿ, ಬರಿ ನೆಲದ ಮೇಲೆ ಇಡಿ ಅಥವಾ ಗೋಡೆಗೆ ತೂಗುಹಾಕಿ ಎಂದು ನಾನು ಪದೇ ಪದೇ ಹೇಳುವುದು ಇದಕ್ಕೇ. ವೈರನ್ನು ಡಬ್ಬಿಗೆ ಬಿಗಿಯಾಗಿ ಸುತ್ತಬೇಡಿ, ಕುತ್ತಿಗೆಯಿಂದ ಒಂದು ಗೇಣು ಸಡಿಲ ಬಿಟ್ಟು ಸುತ್ತಿ.

ಈಗ ಟೈಪ್-ಸಿ ಚಾರ್ಜರ್‌ಗಳೂ ಬರತೊಡಗಿವೆ. ಇವುಗಳಿಗೆ ನನ್ನ ರೆಸಿಸ್ಟರ್ ನೇರವಾಗಿ ಉಪಯೋಗಕ್ಕೆ ಬರುವುದಿಲ್ಲ. ಲ್ಯಾಪ್‌ಟಾಪ್ ಜೊತೆ ಮಾತುಕತೆ ಆದ ಮೇಲೆಯೇ ಅವು 20 ವೋಲ್ಟ್ ಬಿಡುವುದು, ಅಲ್ಲಿಯವರೆಗೆ 5 ವೋಲ್ಟ್ ಮಾತ್ರ. ಅದಕ್ಕೆಂದು ನಡುವೆ ಸಿಕ್ಕಿಸುವ ಪುಟ್ಟ ಮೀಟರ್ ತರಿಸಿದ್ದೇನೆ, ಗಿರಾಕಿಯ ಲ್ಯಾಪ್‌ಟಾಪನ್ನೇ ಲೋಡ್ ಮಾಡಿ ಓದುತ್ತೇನೆ. ಆದ್ದರಿಂದ ಚಾರ್ಜರ್ ಒಂದನ್ನೇ ತರಬೇಡಿ. ಲ್ಯಾಪ್‌ಟಾಪ್, ಗೋಡೆಗೆ ಹಾಕುವ ಕೇಬಲ್, ನಡುವೆ ಬಳಸುವ ಎಕ್ಸ್‌ಟೆನ್ಷನ್ ಬೋರ್ಡ್ ಇದ್ದರೆ ಅದನ್ನೂ ತನ್ನಿ. ದಿನಾ ಚಾರ್ಜರ್ ಇಡುವ ಜಾಗದ ಒಂದು ಫೋಟೊ ಫೋನಿನಲ್ಲಿ ತೆಗೆದುಕೊಂಡು ಬನ್ನಿ.